ಫುಲ್‌ಸ್ಟಾಪಿನಿಂದ ಫುಲ್‌ಸ್ಟಾಪಿನವರೆಗೆ

ಬೆಳಿಗ್ಗೆ ಪೇಪರು ಓದುವಾಗ ನನ್ನ ಬಲಗೈಯ ತೋರುಬೆರಳು ಸಾಲಿನ ಕೆಳಗೆ ಹರಿದಾಡುತ್ತಿರುತ್ತದೆ. ಇದು ನನಗೇ ಗೊತ್ತಿರಲಿಲ್ಲ. ನಾನು ನಿವೃತ್ತನಾದ ಮೇಲೆ ದಿನವಿಡೀ ನನ್ನ ಮುಖ ನೋಡುವ ಶಿಕ್ಷೆಗೆ ಗುರಿಯಾದ ನನ್ನ ಹೆಂಡತಿ ಶಾರದಾ ಇದನ್ನು ಪತ್ತೆ ಹಚ್ಚಿದಳು. ಪೇಪರಷ್ಟೇ ಅಲ್ಲ, ಲಗ್ನಪತ್ರಿಕೆ, ಗುಳಿಗೆಯ ಚೀಟಿ, ಲೈಟ್ ಬಿಲ್ಲು, ಯಾವುದನ್ನು ಓದುವುದಕ್ಕೂ ನನಗೆ ಬೆರಳು ಬೇಕು. ಬಸ್ ಸ್ಟ್ಯಾಂಡಿನ ಹೊರಗೆ ನಿಂತು ಬಸ್ಸಿನ ಬೋರ್ಡು ಓದುವಾಗಲೂ ಬೆರಳು ಗಾಳಿಯಲ್ಲಿ ಎದ್ದಿರುತ್ತದಂತೆ. ನಾನು ಕೈ ಮಾಡಿದೆನೆಂದು ತಿಳಿದು ಹಾವೇರಿ ಬಸ್ಸಿನ ಡ್ರೈವರು ಒಮ್ಮೆ ಗಾಡಿ ನಿಲ್ಲಿಸಿ, ನಾನು ಹತ್ತದೆ ನಿಂತದ್ದನ್ನು ನೋಡಿ, ಹೇಳಬಾರದ್ದನ್ನು ಹೇಳಿ ಹೋದ. “ಬೆರಳು ತಗೀರಿ, ಅಕ್ಷರ ಎಲ್ಲೂ ಓಡಿ ಹೋಗಂಗಿಲ್ಲ” ಎಂದು ಶಾರದಾ ದಿನಕ್ಕೊಮ್ಮೆಯಾದರೂ ಹೇಳುತ್ತಾಳೆ. ತೆಗೆಯುತ್ತೇನೆ. ಎರಡನೇ ಸಾಲಿಗೆ ಅದು ಮತ್ತೆ ಬಂದು ಕೂತಿರುತ್ತದೆ.

ಈ ಬೆರಳನ್ನು ನೀವು ಹಗುರವಾಗಿ ತಿಳಿಯಬಾರದು. ಇದಕ್ಕೊಂದು ಕಾಲದಲ್ಲಿ ಬ್ಯಾಡಗಿ, ರಾಣೆಬೆನ್ನೂರು ತಾಲ್ಲೂಕುಗಳಲ್ಲಿ ದೊಡ್ಡ ಹೆಸರಿತ್ತು. ಮೂವತ್ತನಾಲ್ಕು ವರ್ಷ ನಾನು ಕನ್ನಡ ಮಾಧ್ಯಮದ ಹೈಸ್ಕೂಲುಗಳಲ್ಲಿ ಇಂಗ್ಲಿಷ್ ಮಾಸ್ತರನಾಗಿದ್ದೆ. ಹತ್ತನೇ ತರಗತಿಯ ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ಪ್ಯಾಸೇಜು ಎಂದು ಒಂದು ಬರುತ್ತದೆ. ಮಕ್ಕಳು ಹಿಂದೆಂದೂ ಕಾಣದ ಒಂದು ಪುಟ್ಟ ಕಥೆಯನ್ನೋ ಸಂಗತಿಯನ್ನೋ ಕೊಟ್ಟು, ಕೆಳಗೆ ನಾಲ್ಕು ಪ್ರಶ್ನೆ ಕೇಳಿರುತ್ತಾರೆ. ಓದಿ, ತಿಳಿದು, ಉತ್ತರ ಬರೆಯಬೇಕು. ಓದುವುದೂ ಬರೆಯುವುದೂ ಹೇಗೋ ನಡೆಯುತ್ತಿತ್ತು. ನಡುವಿನ ತಿಳಿಯುವುದೇ ನಮ್ಮ ಮಕ್ಕಳಿಗೆ ಕಷ್ಟವಾಗುತ್ತಿತ್ತು. ಹಾಗಾಗಿ ಅದನ್ನು ತೆಗೆದುಹಾಕುವ ಉಪಾಯ ಕಂಡುಹಿಡಿದೆ.

ಉಪಾಯ ಬಹಳ ಸರಳ. ಪ್ರಶ್ನೆಯಲ್ಲಿ ಎಲ್ಲಕ್ಕಿಂತ ದಪ್ಪನಾಗಿ ಕಾಣುವ ಶಬ್ದ ಹುಡುಕು. ಅದೇ ಶಬ್ದ ಪ್ಯಾಸೇಜಿನಲ್ಲಿ ಎಲ್ಲಿದೆಯೋ ಅಲ್ಲಿ ಬೆರಳಿಡು. ಬೆರಳಿನ ಹಿಂದಿನ ಫುಲ್‌ಸ್ಟಾಪಿನಿಂದ ಮುಂದಿನ ಫುಲ್‌ಸ್ಟಾಪಿನವರೆಗೆ ಏನಿದೆಯೋ ಅದನ್ನು ಇದ್ದ ಹಾಗೆ ಇಳಿಸು. ಆಯಿತು, ಕೈ ತೊಳೆದುಕೊ. ಅರ್ಥ ಏನೆಂದು ಯಾರಾದರೂ ಕೇಳಿದರೆ, ಅದು ಪಾಸಾದ ಮೇಲೆ ನೋಡೋಣ ಅನ್ನುತ್ತಿದ್ದೆ. ಪಾಸಾದ ಮೇಲೆ ಯಾರೂ ಕೇಳಲು ಬರುತ್ತಿರಲಿಲ್ಲ.

ವ್ಯಾಕರಣಕ್ಕೂ ಇಂಥವೇ ಮದ್ದುಗಳಿದ್ದವು. ಬಿಟ್ಟ ಸ್ಥಳದಲ್ಲಿ ಏನು ತುಂಬಬೇಕೆಂದು ತಿಳಿಯದಿದ್ದರೆ ಎಲ್ಲದರಲ್ಲೂ ‘ದಿ’ ಎಂದು ಬರೆ, ಒಂದಾದರೂ ಹತ್ತುತ್ತದೆ. ನಾಲ್ಕು ಉತ್ತರ ಕೊಟ್ಟಿದ್ದರೆ ಉದ್ದನೆಯದನ್ನು ಹಿಡಿ. ಹೀಗೆ ನನ್ನ ಶಾಲೆಯ ಇಂಗ್ಲಿಷ್ ಫಲಿತಾಂಶ ಏರಿತು. ಹೆಡ್‌ಮಾಸ್ತರರು ಸಭೆಯಲ್ಲಿ ಶಾಲು ಹೊದಿಸಿದರು. ಪರೀಕ್ಷೆಗೆ ಮುಂಚೆ ಮಕ್ಕಳು ಕದರಮಂಡಲಗಿಯ ಆಂಜನೇಯನ ಹತ್ತಿರ ಪೆನ್ನು ಒಯ್ದು ಪೂಜೆ ಮಾಡಿಸಿಕೊಂಡು ಬರುತ್ತಿದ್ದರು. ಒಬ್ಬ ಹುಡುಗಿ ಮಾತ್ರ ಪೆನ್ನಿನ ಜೊತೆಗೆ ತನ್ನ ಬೆರಳಿಗೂ ಕುಂಕುಮ ಹಚ್ಚಿಸಿಕೊಂಡು ಬಂದಿದ್ದಳು. ಬೇರೆ ಶಾಲೆಯವರು ನನ್ನನ್ನು ಬೆರಳು ಮಾಸ್ತರ ಎಂದು ಕರೆಯುತ್ತಾರೆಂದು ತಿಳಿದಾಗ ನನಗೆ ಸಿಟ್ಟು ಬರಬೇಕಿತ್ತು. ಖುಷಿಯಾಯಿತು.

ಒಂದೆರಡು ಎಡವಟ್ಟು ಆಗದೆ ಇರಲಿಲ್ಲ. ಒಂದು ಕಿರುಪರೀಕ್ಷೆಯಲ್ಲಿ ಪ್ಯಾಸೇಜು ಒಂದು ಪುಟದ ತುದಿಯಲ್ಲಿ ಅರ್ಧಕ್ಕೆ ನಿಂತು ಮುಂದಿನ ಪುಟಕ್ಕೆ ಹೋಗಿತ್ತು. ಪೋಸ್ಟ್‌ಮನ್ ಮುದುಕಿಯ ಮನೆಗೆ ಏಕೆ ಹೋದ ಎಂಬ ಪ್ರಶ್ನೆಗೆ ಇಡೀ ತರಗತಿ, ನಲವತ್ತೊಂದು ಮಂದಿ, ‘ಅವನು ಒಂದು ಪತ್ರವನ್ನು ಪಿ.ಟಿ.ಓ. ಕೊಡಲು ಹೋದ’ ಎಂದು ಬರೆದಿದ್ದರು. ಪುಟ ತಿರುಗಿಸಿ ಎಂಬ ಸೂಚನೆಯನ್ನೂ ಬಿಡದೆ ಅಷ್ಟು ನಿಷ್ಠೆಯಿಂದ ಇಳಿಸಿದವರಿಗೆ ನಾನು ಏನು ಹೇಳಲಿ? ಇದ್ದ ಹಾಗೆ ಇಳಿಸಿ ಎಂದವನು ನಾನೇ. ಪೂರ್ಣ ಅಂಕ ಕೊಟ್ಟೆ.

ಅಂಕದ ವಿಷಯ ಬಂತು, ಇದನ್ನೂ ಹೇಳಿಬಿಡುತ್ತೇನೆ. ಒಂದು ವರ್ಷ ಹಾವೇರಿಯಲ್ಲಿ ಪೇಪರು ತಿದ್ದುವ ಕೆಲಸಕ್ಕೆ ಹೋಗಿದ್ದೆ. ಬೇರೆ ಜಿಲ್ಲೆಯ ಪೇಪರುಗಳು. ಯಾವುದೋ ಊರಿನ ಒಂದು ಮಗು ಪ್ಯಾಸೇಜಿನ ಒಂದೂ ಸಾಲನ್ನು ಇಳಿಸದೆ ತನ್ನದೇ ಮಾತಿನಲ್ಲಿ ಉತ್ತರ ಬರೆದಿತ್ತು. ಕಾಗುಣಿತ ತಪ್ಪು, ಮಾತು ಸರಿ. ಪಕ್ಕದಲ್ಲಿ ಕೂತಿದ್ದವರು ಕೊಡ್ರಿ ಪಾಪ, ತಿಳಕೊಂಡು ಬರದೈತಿ ಅಂದರು. ನಾನು ನಮಗೆ ಕೊಟ್ಟಿದ್ದ ಉತ್ತರಸೂಚಿಯ ಹಾಳೆಯ ಮೇಲೆ ಬೆರಳಿಟ್ಟು ನೋಡಿದೆ. ಅದರಲ್ಲಿ ಆ ಮಾತಿರಲಿಲ್ಲ. ಸೊನ್ನೆ ಸುತ್ತಿದೆ. ಆಮೇಲೆ ಚಹಾ ಬಂತು, ಕುಡಿದೆ. ಇಷ್ಟೇ. ಆದರೆ ಅದು ಇವತ್ತಿಗೂ ನೆನಪಿದೆ.

ಇನ್ನೊಂದು ನೆನಪು ಇದೇ ಹಾವೇರಿಯ ರೈಲ್ವೆ ಸ್ಟೇಷನ್ನಿನದು. ನಿವೃತ್ತನಾದ ಮರುವರ್ಷ ಅಲ್ಲಿ ಕೂತಿದ್ದಾಗ ಖಾಕಿ ಬಟ್ಟೆಯ ಒಬ್ಬ ಆಳು ಬಂದು ಕಾಲು ಮುಟ್ಟಿದ. ನನ್ನ ಹಳೆಯ ವಿದ್ಯಾರ್ಥಿ ಫಕ್ಕೀರಪ್ಪ. ಕುಮಾರಪಟ್ಟಣದ ಕಡೆ ಒಂದು ಕಾರ್ಖಾನೆಯ ಗೇಟಿನಲ್ಲಿ ವಾಚ್‌ಮನ್ ಆಗಿದ್ದಾನೆ. ನಿಮ್ಮ ಬೆರಳಿನಿಂದಲೇ ನಾನು ಪಾಸಾದದ್ದು, ಅದರಿಂದಲೇ ಈ ನೌಕರಿ ಎಂದು ಪ್ಲಾಟ್‌ಫಾರ್ಮಿನ ನಾಲ್ಕು ಜನಕ್ಕೆ ಕೇಳುವ ಹಾಗೆ ಹೇಳಿದ. ನಾನು ಬೇಡ ಬೇಡ ಅನ್ನುತ್ತಾ ಹಿಗ್ಗಿದೆ. ಆಮೇಲೆ ಅವನು ಜೇಬಿನಿಂದ ಮಡಚಿದ ಒಂದು ಕಾಗದ ತೆಗೆದ. ಮಗಳ ಶಾಲೆಯಿಂದ ಬಂದದ್ದು. ಅವಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದ್ದಾನೆ.

“ಇದರಾಗ ನನ್ನ ಮಗಳ ಹೆಸರು ಎಲ್ಲೈತಿ ಅನ್ನೋದು ಸಿಕ್ಕೇತ್ರಿ ಸರ್” ಎಂದು ಆ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದ. “ಉಳಿದದ್ದು ಏನ್ ಬರದಾರಂತ ನೀವ ಹೇಳ್ರಿ.”

ಓದಿ ಹೇಳಿದೆ. ತಂದೆತಾಯಿಗಳ ಸಭೆ, ತಪ್ಪದೆ ಬರಬೇಕು, ಮಗುವಿನ ಬಗ್ಗೆ ಮಾತಾಡುವುದಿದೆ. ಸಭೆ ಹಿಂದಿನ ದಿನವೇ ಆಗಿಹೋಗಿತ್ತು. ಅಷ್ಟು ಹೊತ್ತಿಗೆ ಅವನ ಗಾಡಿ ಬಂತು. ಕಾಗದವನ್ನು ಇದ್ದ ಮಡಿಕೆಯಲ್ಲೇ ಮಡಚಿ, ಇನ್ನೊಮ್ಮೆ ಕಾಲು ಮುಟ್ಟಿ, ನನ್ನ ಫೋನ್ ನಂಬರು ಬರೆದುಕೊಂಡು ಹೋದ. ನಾನು ಬ್ಯಾಡಗಿಗೆ ಬಂದು ಇದನ್ನು ಶಾರದಾಗೆ ಹೇಳಲಿಲ್ಲ. ಕಾಲು ಮುಟ್ಟಿದ್ದನ್ನಷ್ಟೇ ಹೇಳಿದೆ.

ಇಂಥ ನನ್ನ ಹತ್ತಿರ ಕಳೆದ ವರ್ಷ ಹಸೀನಾ ಬಂದಳು. ನಮ್ಮ ಹಿಂದಿನ ಓಣಿಯವಳು. ಬ್ಯಾಡಗಿಯ ಅರ್ಧ ಹೆಣ್ಣುಮಕ್ಕಳ ಹಾಗೆ ಅವಳೂ ಮೆಣಸಿನಕಾಯಿ ಗೋದಾಮಿನಲ್ಲಿ ತುಂಬು ಬಿಡಿಸುವವಳು, ಅಂದರೆ ದಿನವಿಡೀ ಸಾಲಾಗಿ ಕೂತು ಒಣಕಾಯಿಯ ತೊಟ್ಟು ಮುರಿಯುವ ಕೆಲಸ. ಸೀನುತ್ತಲೇ ಒಳಗೆ ಬಂದು, ಸೆರಗಿನಿಂದ ಮೂಗೊರೆಸಿಕೊಂಡು, ಒಂದು ಹಳೆಯ ಅಂಕಪಟ್ಟಿ ಮುಂದಿಟ್ಟಳು. ಹತ್ತನೇ ತರಗತಿಯಲ್ಲಿ ಎಲ್ಲ ಪಾಸು, ಇಂಗ್ಲಿಷ್ ಒಂದು ಫೇಲು. ಮದುವೆ, ಎರಡು ಮಕ್ಕಳು ಎಲ್ಲ ಆದ ಮೇಲೆ ಮತ್ತೆ ಎರಡು ಸಲ ಕಟ್ಟಿದ್ದಾಳೆ, ಎರಡು ಸಲವೂ ಹೋಗಿದೆ. ಈಗ ಅವಳ ಓಣಿಯ ಅಂಗನವಾಡಿಯ ಸಹಾಯಕಿ ನಿವೃತ್ತಳಾಗುತ್ತಾಳೆ. ಆ ಜಾಗಕ್ಕೆ ಹತ್ತನೇ ತರಗತಿ ಪಾಸಾಗಿರಬೇಕು, ಮೂವತ್ತೈದು ದಾಟಿರಬಾರದು. ಹಸೀನಾಗೆ ಮೂವತ್ನಾಲ್ಕು ನಡೆಯುತ್ತಿತ್ತು.

“ಈ ಸಲ ಹೋತಂದ್ರ ಮುಗೀತ್ರಿ ಸರ್” ಅಂದಳು. “ಕಾಯಿ ಧೂಳಿಗೆ ನನ್ನ ಎದಿ ತಡಿಯಂಗಿಲ್ಲ ಅಂತ ಡಾಕ್ಟರ್ ಹೇಳ್ಯಾರ. ನಾ ಹುಡುಗುರ ನಡುವ ಕುಂದ್ರಬೇಕು.”

ಪರೀಕ್ಷೆಗೆ ಆರು ವಾರ ಇತ್ತು. ಚಿಂತಿ ಮಾಡಬ್ಯಾಡ ತಂಗಿ ಎಂದು ಧಾರಾಳವಾಗಿ ಹೇಳಿ, ಬೆರಳು ಮೇಲೆತ್ತಿದೆ.

ಮೊದಲ ದಿನವೇ ಗೊತ್ತಾಯಿತು, ಈ ಹೆಣ್ಣುಮಗಳಿಗೆ ನನ್ನ ವಿದ್ಯೆ ಹತ್ತುವುದಿಲ್ಲ. ಬೆರಳಿಡುತ್ತಿದ್ದಳು, ಆದರೆ ಇಟ್ಟಲ್ಲೇ ನಿಂತು ಇದರ ಅರ್ಥ ಏನ್ರಿ ಅನ್ನುತ್ತಿದ್ದಳು. ಅರ್ಥ ಬೇಡ, ಇಳಿಸು ಅಂದರೆ ಕೈ ಏಳುತ್ತಿರಲಿಲ್ಲ. ತಿಳಿಯದ್ದನ್ನು ಬರೆಯುವುದೆಂದರೆ ಅವಳಿಗೆ ಕಂಡವರ ಕಾಗದಕ್ಕೆ ಸಹಿ ಹಾಕಿದಷ್ಟು ಭಯ. ವ್ಯಾಕರಣದಲ್ಲೂ ಅದೇ ಗೋಳು. ‘ಹೆಂಗಸು ಕಾಯಿ ಒಣಗಿಸಿದಳು’ ಎಂಬ ಅರ್ಥದ ಇಂಗ್ಲಿಷ್ ವಾಕ್ಯವನ್ನು ‘ಕಾಯಿ ಒಣಗಿಸಲ್ಪಟ್ಟಿತು’ ಎಂದು ತಿರುಗಿಸಿ ತೋರಿಸಿದೆ. ಬಿಸಿಲಲ್ಲಿ ನಿಂತು ಒಣಗಿಸಿದಾಕಿನ್ನ ಯಾಕ ತಗದು ಹಾಕಿದ್ರಿ ಎಂದು ಕೇಳಿದಳು. ನಾನು ನಿಯಮ ಎಂದೆ. ಒಳಗಿನಿಂದ ಶಾರದಾ ನಕ್ಕದ್ದು ಕೇಳಿಸಿತು.

ಎರಡನೇ ವಾರ ಒಂದು ಅಭ್ಯಾಸ ಪುಸ್ತಕದಿಂದ ಮೆಣಸಿನಕಾಯಿಯ ಮೇಲಿದ್ದ ಪ್ಯಾಸೇಜನ್ನೇ ಹುಡುಕಿ ಕೊಟ್ಟೆ. ಅವಳ ಕಸುಬಿನದೇ ಆದ್ದರಿಂದ ಸಲೀಸಾದೀತು ಎಂಬ ಲೆಕ್ಕ. ಅದನ್ನು ಬರೆದ ಪುಣ್ಯಾತ್ಮ ಯಾವ ಊರಿನವನೋ, ಕಾಯಿ ಹೆಚ್ಚು ಕೆಂಪಗಿದ್ದಷ್ಟೂ ಹೆಚ್ಚು ಖಾರ ಎಂದು ಬರೆದಿದ್ದ. ಕಾಯಿ ಖಾರವಿದೆ ಎಂದು ತಿಳಿಯುವುದು ಹೇಗೆ ಎಂಬುದು ಪ್ರಶ್ನೆ. ಬೆರಳಿಟ್ಟು ಇಳಿಸಿದರೆ ಎರಡು ಅಂಕ. ಹಸೀನಾ ಬರೆದದ್ದು, ‘ಕಲರ್ ನೋ. ಬೈಟ್ ಅಂಡ್ ಸೀ.’

ಬಣ್ಣ ನೋಡಿ ಹೇಳಲಾಗದು, ಕಚ್ಚಿ ನೋಡು. ಬ್ಯಾಡಗಿಯಲ್ಲಿ ಹುಟ್ಟಿದ ಯಾರು ಬೇಕಾದರೂ ಒಪ್ಪುವ ಮಾತು. ನಮ್ಮ ಕಾಯಿಗೆ ಹೆಸರು ಬಂದದ್ದೇ ಆ ಕಡುಗೆಂಪು ಬಣ್ಣದಿಂದ, ಖಾರ ನೋಡಿದರೆ ಅಷ್ಟಕ್ಕಷ್ಟೆ. ನಾನು ಆ ಉತ್ತರಕ್ಕೆ ಅಡ್ಡಗೆರೆ ಎಳೆದೆ.

“ಸರ್, ಇವರು ಬರದದ್ದು ಸುಳ್ಳೈತ್ರಿ” ಅಂದಳು.

“ಇರಲಿ. ಪರೀಕ್ಷೆಯೊಳಗ ಪ್ಯಾಸೇಜ್ ಹೇಳಿದ್ದ ಖರೇ. ನಿನಗ ಗೊತ್ತಿದ್ದದ್ದು ಬಾಗಲ ಹೊರಗ ಬಿಟ್ಟು ಒಳಗ ಹೋಗಬೇಕು.”

ಅವಳು ನನ್ನನ್ನು ನೋಡಿದಳು. ಹದಿನೈದು ವರ್ಷದಿಂದ ದಿನಕ್ಕೆ ಸಾವಿರಗಟ್ಟಲೆ ಕಾಯಿ ಕೈಯಲ್ಲಿ ಹಿಡಿದವಳು. ಕೊನೆಗೆ ಪ್ಯಾಸೇಜ್ ಹೇಳಿದ್ದೇ ಖರೆ ಎಂದು ತನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡಳು. ನನಗೆ ಗೆದ್ದ ಸಮಾಧಾನವೇನೂ ಆಗಲಿಲ್ಲ.

ಆಮೇಲೆ ಅವಳು ತನ್ನದೇ ಒಂದು ಪದ್ಧತಿ ಮಾಡಿಕೊಂಡಳು. ಸಂಜೆ ನನ್ನ ಹತ್ತಿರ ಒಂದು ಪ್ಯಾಸೇಜಿನ ಅರ್ಥವನ್ನು ಸಾಲು ಸಾಲಾಗಿ ಕೇಳಿಕೊಂಡು ಹೋಗುವುದು. ಮರುದಿನ ಗೋದಾಮಿನಲ್ಲಿ ತೊಟ್ಟು ಮುರಿಯುತ್ತಾ ಅದನ್ನು ಇಡೀ ಸಾಲಿಗೆ, ಕನ್ನಡದವರಿಗೆ ಕನ್ನಡದಲ್ಲಿ, ಉರ್ದುವಿನವರಿಗೆ ಉರ್ದುವಿನಲ್ಲಿ, ಕಥೆಯಾಗಿ ಹೇಳುವುದು. ಕೆಳಗಿನ ಪ್ರಶ್ನೆಗಳನ್ನೂ ಕೇಳುವುದು. ಸಂಜೆ ಬಂದು ಅವರ ತೀರ್ಪನ್ನು ನನಗೆ ಒಪ್ಪಿಸುವುದು. ರಾಜ ಮುದುಕಿಗೆ ಕೊಟ್ಟ ಶಾಲನ್ನು ಅವಳು ಏಕೆ ತೆಗೆದುಕೊಳ್ಳಲಿಲ್ಲ? ಉತ್ತರಸೂಚಿಯ ಪ್ರಕಾರ ಅವಳಿಗೆ ಆಸೆ ಇರಲಿಲ್ಲ. ಗೋದಾಮಿನ ಪ್ರಕಾರ, ತೆಗೆದುಕೊಂಡಿದ್ದರೆ ನಾಳೆಯಿಂದ ಅರಮನೆಗೆ ದಿನಾ ಹೋಗಿ ನಮಸ್ಕಾರ ಹೊಡೆಯಬೇಕಾಗುತ್ತಿತ್ತು. ಈ ಎರಡನೆಯದು ಸರಿ ಎಂದು ನನಗೂ ಅನ್ನಿಸಿತು, ಹೇಳಲಿಲ್ಲ. ಆದರೆ ನಾಲ್ಕನೇ ವಾರದ ಹೊತ್ತಿಗೆ ಸಂಜೆ ಅವಳು ಬರುವುದು ತಡವಾದರೆ ನಾನೇ ಬಾಗಿಲಿಗೆ ಹೋಗಿ ನೋಡುತ್ತಿದ್ದೆ. ಶಾರದಾ ಚಹಾ ತಂದವಳು ಲೋಟ ಇಟ್ಟು ಹೋಗದೆ ಅಲ್ಲೇ ಕೂರತೊಡಗಿದಳು.

ಬೆರಳನ್ನು ಮಾತ್ರ ನಾನು ಬಿಡಲಿಲ್ಲ. ಪರೀಕ್ಷೆಯ ಹಿಂದಿನ ದಿನವೂ, ಹೊತ್ತು ಸಾಲದಿದ್ದರೆ ಬೆರಳಿಡು, ಇಳಿಸು, ಎದ್ದು ಬಾ ಎಂದು ಹೇಳಿ ಕಳಿಸಿದೆ.

ಪರೀಕ್ಷೆ ರಾಣೆಬೆನ್ನೂರಿನಲ್ಲಿತ್ತು. ಮುಗಿಸಿ, ಬಸ್ಸಿಳಿದು, ಮನೆಗೂ ಹೋಗದೆ ನೇರ ನಮ್ಮಲ್ಲಿಗೆ ಬಂದಳು. ಪ್ರಶ್ನೆಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಮುಷ್ಟಿಯಲ್ಲಿ ಹಿಡಿದಿದ್ದಳು. ನಾನು ಬಿಡಿಸಿ ಪ್ಯಾಸೇಜಿಗೆ ಹೋದೆ. ಒಬ್ಬ ದೋಣಿಯವನ ಕಥೆ. ಹೊಳೆ ತುಂಬಿ ಹರಿಯುವಾಗ ಒಬ್ಬ ವ್ಯಾಪಾರಿ ಬಂದು ಎಷ್ಟು ಹಣವಾದರೂ ಕೊಡುತ್ತೇನೆ, ಈಗಲೇ ದಾಟಿಸು ಅನ್ನುತ್ತಾನೆ. ದೋಣಿಯವನು ನಿರಾಕರಿಸುತ್ತಾನೆ. ಏಕೆ ನಿರಾಕರಿಸಿದ ಎಂಬುದು ಪ್ರಶ್ನೆ. ನಿರಾಕರಿಸಿದ ಎಂಬ ಶಬ್ದ ಕೆಳಗಿನಿಂದ ಮೂರನೇ ಸಾಲಿನಲ್ಲಿ ಕಣ್ಣಿಗೆ ರಾಚುವ ಹಾಗೆ ಕೂತಿತ್ತು. ಬೆರಳಿಟ್ಟೆ. ಫುಲ್‌ಸ್ಟಾಪಿನಿಂದ ಫುಲ್‌ಸ್ಟಾಪಿನವರೆಗೆ ಓದಿದೆ. ಅವನು ಹಠಮಾರಿ, ಅದಕ್ಕೇ ನಿರಾಕರಿಸಿದ. ಇದಕ್ಕಿಂತ ಸುಲಭದ್ದು ನನ್ನ ಸರ್ವಿಸ್ಸಿನಲ್ಲೇ ಬಂದಿರಲಿಲ್ಲ.

“ಹಠಮಾರಿ ಅಂತ ಬರದಿ ಹೌದಲ್ಲ?” ಎಂದು ಕೇಳಿದೆ.

“ಇಲ್ರಿ. ಅಂವಗ ಇದ್ದದ್ದು ಒಂದ ದೋಣಿ, ಮುಳುಗಿದ್ರ ನಾಳೆ ಸಾಲಿ ಹುಡುಗುರನ್ನ ಯಾರು ದಾಟಸ್ತಾರ ಅಂತ ಬರದೇನ್ರಿ.”

ನನಗೆ ತಡೆಯಲಾಗಲಿಲ್ಲ. ಆರು ವಾರ ಬಡಕೊಂಡೇನಿ, ಪ್ಯಾಸೇಜ್ ಹೇಳಿದ್ದ ಖರೇ ಅಂತ ನಿನ್ನ ಕೈಲೇ ಬರಸೇನಿ, ಗೋದಾಮಿನ ಮಾತು ಅಲ್ಲಿ ಯಾಕ ಬರೆಯಾಕ ಹೋದಿ ಎಂದು ರೇಗಿದೆ. ಸಾಲಿನ ಮೇಲೆ ಬೆರಳು ಕುಟ್ಟಿ ಕುಟ್ಟಿ ತೋರಿಸಿದೆ. ಶಾರದಾ ಅಡುಗೆಮನೆಯಿಂದ ಹೊರಗೆ ಬಂದಳು. ಹಸೀನಾ ಬಗ್ಗಿ ನನ್ನ ಬೆರಳಿದ್ದ ಜಾಗ ನೋಡಿದಳು. ಅಳುತ್ತಾಳೇನೋ ಅಂದುಕೊಂಡೆ.

“ಸರ್, ಅದು ಪ್ಯಾಸೇಜ್ ಹೇಳಿದ್ದಲ್ರಿ” ಅಂದಳು ಮೆಲ್ಲಗೆ. “ಅದು ವ್ಯಾಪಾರಿ ಸಿಟ್ಟಿಲೆ ಹೇಳಿದ್ದು. ಮ್ಯಾಲಿಂದ ಓದ್ರಿ.”

ಬೆರಳು ಎತ್ತಿದೆ. ಮೇಲಿನಿಂದ ಓದಿದೆ. ಊರಿಗೆ ಅದೊಂದೇ ದೋಣಿ. ಆಚೆ ದಡದ ಶಾಲೆಗೆ ದಿನವೂ ಮಕ್ಕಳನ್ನು ಅದೇ ದಾಟಿಸುತ್ತದೆ. ದೋಣಿ ಹೋದರೆ ಇನ್ನೊಂದು ಮಾಡಲು ವರ್ಷ ಬೇಕು. ಎಲ್ಲವೂ ಎರಡನೇ ಸಾಲಿನಿಂದಲೇ ಇತ್ತು. ನಿರಾಕರಿಸಿದ ಎಂಬ ಶಬ್ದವಿದ್ದ ವಾಕ್ಯದ ಕೊನೆಗೆ, ಫುಲ್‌ಸ್ಟಾಪಿನ ಆಚೆ, ‘ಹೀಗೆಂದು ವ್ಯಾಪಾರಿ ಎಲ್ಲರ ಮುಂದೆ ಬೈದುಕೊಂಡು ಹೋದ’ ಎಂಬ ಅರ್ಥದ ಇನ್ನೊಂದು ಸಾಲಿತ್ತು. ನನ್ನ ಬೆರಳು ಅಲ್ಲಿಯವರೆಗೆ ಹೋಗಿರಲಿಲ್ಲ. ಮೂವತ್ತನಾಲ್ಕು ವರ್ಷ ಇಂಗ್ಲಿಷ್ ಕಲಿಸಿದ ನಾನು ಪ್ರಶ್ನೆಪತ್ರಿಕೆಯ ಒಂದು ಪ್ಯಾಸೇಜನ್ನು ಮೊದಲಿನಿಂದ ಕೊನೆಯವರೆಗೆ, ಏನಾಯಿತು ಎಂದು ತಿಳಿಯುವ ಸಲುವಾಗಿ ಓದಿದ್ದು ಅವತ್ತೇ ಮೊದಲು. ನಾಚಿಕೆಯಾಯಿತು. ಹಸೀನಾ ನೀರು ಕೇಳಿ ಕುಡಿದಳು.

ಫಲಿತಾಂಶ ಬರುವವರೆಗೆ ನನಗೇನೂ ಚಿಂತೆಯಿಲ್ಲ ಎಂಬಂತೆ ಇದ್ದೆ. ಹಾಗೆ ಇರುವುದು ನನಗೆ ಬರುತ್ತದೆ. ಆದರೆ ಒಳಗೊಂದು ಹುಳ ಕೊರೆಯುತ್ತಿತ್ತು. ಅವಳ ಉತ್ತರ ಸರಿಯಿದೆ, ಅನುಮಾನವಿಲ್ಲ. ಅವಳ ಪೇಪರು ಬೇರೆ ಜಿಲ್ಲೆಗೆ ಹೋಗುತ್ತದೆ. ಅಲ್ಲಿ ಯಾವನೋ ಒಬ್ಬ ಮಾಸ್ತರ ಕೂತಿರುತ್ತಾನೆ. ಅವನು ಓದುವವನಾಗಿದ್ದರೆ ಸರಿ. ಉತ್ತರಸೂಚಿಯ ಮೇಲೆ ಬೆರಳಿಡುವವನಾಗಿದ್ದರೆ? ಸೊನ್ನೆ ಸುತ್ತಿ ಚಹಾ ಕುಡಿಯುವವನಾಗಿದ್ದರೆ? ಹಸೀನಾಳ ವಯಸ್ಸು ಅವನಿಗೆ ಗೊತ್ತಿರುವುದಿಲ್ಲ, ಅವಳ ಎದೆಯ ಕೆಮ್ಮು ಅವನಿಗೆ ಕೇಳಿಸುವುದಿಲ್ಲ. ಅಂಥವನನ್ನು ನಾನು ಬಹಳ ಹತ್ತಿರದಿಂದ ಬಲ್ಲೆ.

ಫಲಿತಾಂಶದ ದಿನ ಮೊಬೈಲಿನಲ್ಲಿ ಅವಳ ನಂಬರು ಒತ್ತುವಾಗ ಶಾರದಾ ಪಕ್ಕದಲ್ಲೇ ನಿಂತಿದ್ದಳು. ಎರಡು ಸಲ ತಪ್ಪು ಒತ್ತಿದೆ. ಮೂರನೇ ಸಲ ಬಂತು. ಪಾಸು. ಪಾಸಾಗಲು ಬೇಕಾದದ್ದಕ್ಕಿಂತ ಒಂದೇ ಒಂದು ಅಂಕ ಹೆಚ್ಚು. ದೋಣಿಯವನ ಪ್ರಶ್ನೆಗೆ ಇದ್ದದ್ದು ಎರಡು ಅಂಕ. ಎಲ್ಲಿಯೋ ಒಬ್ಬ ಮಾಸ್ತರ ನನ್ನಂಥವನಾಗಿರಲಿಲ್ಲ. ಅವನು ಯಾರೆಂದು ತಿಳಿದಿದ್ದರೆ ಹೋಗಿ ಕೈ ಹಿಡಿದು ಬರುತ್ತಿದ್ದೆ.

ಹಸೀನಾ ಅರ್ಜಿ ಹಾಕಿದಳು, ಕೆಲಸ ಸಿಕ್ಕಿತು. ಈಗ ಬೆಳಿಗ್ಗೆ ಆ ಓಣಿಯಲ್ಲಿ ಹೋದರೆ ಅಂಗನವಾಡಿಯ ಒಳಗೆ ಅವಳ ದನಿ ಕೇಳುತ್ತದೆ, ಸೀನು ಕೇಳುವುದಿಲ್ಲ. ಗೋದಾಮಿನ ಸಾಲಿನವರು ಈಗ ಕಥೆ ಹೇಳುವವರಿಲ್ಲ ಎಂದು ಬೈಯುತ್ತಾರಂತೆ.

ಮೊನ್ನೆ ಫಕ್ಕೀರಪ್ಪನ ಫೋನು ಬಂತು. ಮಗಳ ಶಾಲೆಯಿಂದ ಇನ್ನೊಂದು ಕಾಗದ ಬಂದಿದೆ, ಫೋಟೋ ತೆಗೆದು ಕಳಿಸಲೇ, ಏನಿದೆ ಎಂದು ಒಂದು ಮಾತಿನಲ್ಲಿ ಹೇಳಿಬಿಡಿ ಅಂದ. ಒಂದು ಮಾತಿನಲ್ಲಿ ಹೇಳಬಹುದಿತ್ತು. ಬೇಡ, ಭಾನುವಾರ ಕಾಗದ ತೊಗೊಂಡು ನೀನೇ ಬಾ ಅಂದೆ.

ಬಂದ. ತಲೆ ಅಲ್ಲಲ್ಲಿ ಬೆಳ್ಳಗಾಗಿದೆ, ಆದರೂ ನನ್ನ ಮುಂದೆ ಕೂರುವಾಗ ಹೈಸ್ಕೂಲಿನ ಹುಡುಗನ ಹಾಗೆ ತುದಿಗೆ ಕೂತ. ಕಾಗದ ಬಿಡಿಸಿದ. ನೇರ ಮಗಳ ಹೆಸರಿನ ಮೇಲೆ ಬೆರಳಿಟ್ಟು, ಸರಿಯಾಗಿ ಇಟ್ಟಿದ್ದೇನೆಯೇ ಎಂಬಂತೆ ನನ್ನನ್ನು ನೋಡಿದ. ನನ್ನ ಬೆರಳೂ ಅಷ್ಟರಲ್ಲಿ ತಾನಾಗಿ ಎದ್ದಿತ್ತು. ಅದನ್ನು ಮಡಚಿ ತೊಡೆಯ ಕೆಳಗೆ ಹಾಕಿಕೊಂಡು ಕೂತೆ. ಆಮೇಲೆ ಇನ್ನೊಂದು ಕೈಯಿಂದ ಅವನ ಬೆರಳನ್ನು ಹಿಡಿದು ಕಾಗದದಿಂದ ಎತ್ತಿದೆ.

“ತಪ್ಪು ಕಲಿಸೇನಪಾ ನಿನಗ” ಅಂದೆ. “ಮೊದಲ ಸಾಲಿನಿಂದ ಸುರು ಮಾಡು. ತಿಳೀಲಿಲ್ಲಂದ್ರ ಅಲ್ಲೇ ನಿಂತು ನನ್ನ ಕೇಳು.”